ಒಬ್ಬಟ್ಟಿನಲ್ಲಿ ಸಿಕ್ಕ ಥೀಮ್

"ಅಜ್ಜಿ, ವೈಟ್ ಬೇರೆ, ಕಲರ್ಡ್ ಬೇರೆ ಇಡೋದು ಸರೀನಾ?" ಎಂದು ಕಳೆದ ವಾರ ಮೊಮ್ಮಗಳು ಇಂಚರ ಕೇಳಿದಳು. ನಾನು ಡ್ರೈಯರ್‌ನಿಂದ ತೆಗೆದ ಬಟ್ಟೆ ಮಡಚುತ್ತಿದ್ದೆ.

"ಇನ್ನೇನು ಮತ್ತೆ? ಒಟ್ಟಿಗೆ ಹಾಕಿದ್ರೆ ಬಣ್ಣ ಹತ್ತಲ್ವಾ?" ಎಂದೆ.

ಹುಡುಗಿ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಪೊಲೀಸರಿಗೆ ಫೋನ್ ಮಾಡುವುದೊಂದು ಬಾಕಿ.

"ಬಟ್ಟೆ ಅಲ್ಲ ಅಜ್ಜಿ. ಪೀಪಲ್."

ವಿಷಯ ಇಷ್ಟು. ನಾಲ್ಕನೇ ಕ್ಲಾಸಿನ ಇವಳಿಗೆ ಶಾಲೆಯಲ್ಲಿ ಒಂದು ಕಥೆಪುಸ್ತಕ ಕೊಟ್ಟಿದ್ದಾರೆ. ಅಮೆರಿಕದಲ್ಲಿ ನಾವಿರುವ ಏಪೆಕ್ಸ್ ಊರಿನ ಸುತ್ತಮುತ್ತಲೇ, ಬಿಳಿಯರಿಗೂ ಕರಿಯರಿಗೂ ಎಲ್ಲವೂ ಬೇರೆ ಬೇರೆ ಇದ್ದ ಕಾಲದ ಕಥೆ. ಅದರ ಥೀಮ್ ಏನೆಂದು ಮರುದಿನ ಎಲ್ಲರೆದುರು ಎದ್ದು ನಿಂತು ಹೇಳಬೇಕು. (ನನಗೆ ಗೊತ್ತಿದ್ದ ಥೀಮ್ ಅಂದರೆ ಬರ್ತ್‌ಡೇ ಪಾರ್ಟಿಯದು. ಹೋದ ವರ್ಷ ಯೂನಿಕಾರ್ನ್. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಷ್ಟು ಗೊತ್ತಿರುವುದೇ ಹೆಚ್ಚು.)

ಮೊದಲು "ರೇಸಿಸಂ" ಎಂದು ಬರೆದಳಂತೆ. ಅದು ಬರೀ ವಿಷಯ, ಥೀಮ್ ಅಂದರೆ ಪೂರ್ತಿ ವಾಕ್ಯ ಎಂದರಂತೆ ಟೀಚರ್. ಆಮೇಲೆ "ಎಲ್ಲರ ಜೊತೆ ಕೈಂಡ್ ಆಗಿರಿ" ಎಂದು ಬರೆದಳಂತೆ. ಇದು ಯಾವ ಪುಸ್ತಕಕ್ಕೆ ಬೇಕಾದರೂ ಆಗುತ್ತದಲ್ಲ ಎಂದರಂತೆ. ನಿಜ ತಾನೇ? ಟೀಚರನ್ನು ಮೆಚ್ಚಿಕೊಂಡೆ. ಅಷ್ಟರಲ್ಲಿ ಮೊಮ್ಮಗಳ ಕಣ್ಣು ತುಂಬಿತು. ಮೆಚ್ಚುಗೆ ವಾಪಸ್ ತೆಗೆದುಕೊಂಡೆ.

"ಕಥೆ ಹೇಳು, ನೋಡೋಣ."

"ಒಬ್ಳು ಅಮ್ಮ ಹೋಟೆಲಲ್ಲಿ ಪೈ ಮಾಡ್ತಾಳೆ. ಅವಳು ಬ್ಲ್ಯಾಕ್. ಎಲ್ಲಾರೂ ತಿಂತಾರೆ, ಸೂಪರ್ ಅಂತಾರೆ. ಬಟ್ ಅವಳು, ಅವಳ ಮಗಳು ಒಳಗೆ ಕೂತ್ಕೊಂಡು ತಿನ್ನೋ ಹಾಗಿಲ್ಲ. ಬ್ಯಾಕ್ ವಿಂಡೋಲಿ ಕೊಡ್ತಾರೆ." (ಪೈ ಅಂದರೆ ಹಣ್ಣಿನ ಹೂರಣ ತುಂಬಿ ಬೇಯಿಸಿದ ತಿಂಡಿ.)

"ಯಾಕೆ, ಕುರ್ಚಿ ಇರ್ಲಿಲ್ವಾ?"

"ಇತ್ತು. ಖಾಲಿ ಇತ್ತು."

ಆಗಲೇ ಫೋನ್ ಬಂತು. ಇಲ್ಲೇ ಅಮೆರಿಕದ ಶ್ಯಾಂಟಿಲಿ ಊರಿನಲ್ಲಿ ತನ್ನ ಮಗಳ ಮನೆಯಲ್ಲಿರುವ ನನ್ನ ತಂಗಿ ಪದ್ದಿ. ಸ್ಪೀಕರಿಗೆ ಹಾಕಿ ಸುದ್ದಿ ಹೇಳಿದೆ: ಪಕ್ಕದ ಮನೆಗೆ ಮೈಸೂರಿನವರು ಬಂದಿದ್ದಾರೆ, ಒಬ್ಬಟ್ಟು ಕಳಿಸಿದ್ದರು, ಹೂವಿನ ಹಾಗಿತ್ತು, ಒಂದೂ ಉಳಿಸಲಿಲ್ಲ.

"ನಮ್ಮವರಾ?" ಎಂದಳು ಪದ್ದಿ.

ಇಂಚರ ತಲೆ ಎತ್ತಿದಳು. "ನಮ್ಮವರು ಅಂದ್ರೆ ಕನ್ನಡದವರಾ ಅಜ್ಜಿ?"

"ಹೂಂ, ಹಾಗೇ ಅಂದ್ಕೋ."

"ಮೈಸೂರು ಅಂತ ನೀನು ಹೇಳಿದ್ಯಲ್ಲ. ಮತ್ಯಾಕೆ ಕೇಳ್ತಾರೆ ಪದ್ದಜ್ಜಿ?"

"ಒಲೆ ಮೇಲೆ ಹಾಲಿಟ್ಟಿದೀನಿ ಕಣೇ" ಎಂದು ಪದ್ದಿ ಫೋನ್ ಇಟ್ಟೇಬಿಟ್ಟಳು. ನಾನೆಲ್ಲಿಗೆ ಹೋಗಲಿ?

"ನಮ್ಮ ಜಾತಿಯವರಾ ಅಂತ ಕೇಳಿದ್ದು ಪುಟ್ಟಿ."

"ಒಬ್ಬಟ್ಟು ಚೆನ್ನಾಗಿತ್ತಲ್ಲ? ಮತ್ತೆ ಅದ್ಯಾಕೆ ಬೇಕು?"

ಉತ್ತರ ಗೊತ್ತಿದ್ದವರು ಹೇಳಿ. ಊರಿಂದ ಬರುವಾಗ ನಮ್ಮ ಉಪ್ಪಿನಕಾಯಿಯನ್ನು ಏರ್‌ಪೋರ್ಟಿನಲ್ಲಿ ಬಿಚ್ಚಿಸಿ ನೋಡುತ್ತಾರೆ. ಈ "ನಮ್ಮವರಾ" ಮಾತ್ರ ಯಾವ ಸ್ಕ್ಯಾನರಿಗೂ ಸಿಗದೆ ಬಂದುಬಿಡುತ್ತದೆ.

"ಓ. ಬ್ಯಾಕ್ ವಿಂಡೋ" ಎಂದಳು ಇಂಚರ. ಸರಸರ ಇಂಗ್ಲಿಷಿನಲ್ಲಿ ಬರೆದು, ನನಗೋಸ್ಕರ ಕನ್ನಡದಲ್ಲಿ ಹೇಳಿದಳು: "ಅಡುಗೆ ಬೇಕು ಅಂದ್ರೆ ಅಡುಗೆ ಮಾಡಿದವರೂ ಬೇಕು."

ಪೂರ್ತಿ ವಾಕ್ಯ. ಅದೂ ನನ್ನ ಮೊಮ್ಮಗಳದು. ಮಡಚಿದ ಬಟ್ಟೆಯ ಮೇಲೇ ಕೂತು ಅವಳನ್ನು ಮುದ್ದಾಡಿದೆ. ರೂಮಿನಲ್ಲಿ ಆಫೀಸ್ ಮೀಟಿಂಗ್ ಮಾಡುತ್ತಿದ್ದ ಮಗನಿಗೆ ಬಾಗಿಲು ತಳ್ಳಿ ಹೇಳಿದೆ. ಅವನ ಮ್ಯಾನೇಜರಿಗೂ ಕೇಳಿಸಿತು. ಕೇಳಿಸಲಿ ಬಿಡಿ, ಇಂಥ ಸುದ್ದಿ ಅವರಿಗೆ ದಿನಾ ಸಿಗುತ್ತದೆಯೇ?

ಮರುದಿನ ಟೀಚರ್ ಆ ವಾಕ್ಯವನ್ನು ಇವಳ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದರಂತೆ. ಆದರೆ ಥೀಮಿಗೆ ಸಾಕ್ಷಿಯೂ ಕೊಡಬೇಕಂತೆ: ಪುಸ್ತಕದಿಂದ ಒಂದು, ನಿಜ ಜೀವನದಿಂದ ಒಂದು. ಎರಡನೆಯದಕ್ಕೆ ಇವಳು ಪದ್ದಿಯ ಹೆಸರನ್ನು ಸ್ಪೆಲಿಂಗ್ ಸಮೇತ ಕೊಟ್ಟು ಬಂದಿದ್ದಾಳೆ.

ಮುಂದಿನ ವಾರ ಪೇರೆಂಟ್ ಮೀಟಿಂಗಿಗೆ ನಾನೂ ಹೋಗಬೇಕು. ಈ ಪದ್ದಿ ಯಾರು ಎಂದು ಟೀಚರ್ ಕೇಳಿದರೆ, ನಮ್ಮವಳಲ್ಲ ಎಂದುಬಿಡಲೇ?