ಹೆಚ್ಚಿದ ಬಳೆ

ತುಂಗಭದ್ರೆಗೆ ಡ್ಯಾಮು ಕಟ್ಟುವ ಮುಂಚೆ, ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ, ನಾನು ಹೊಸಪೇಟೆಯ ಸಂತೆಯಲ್ಲಿ ಬಳೆ ಮಾರುತ್ತಿದ್ದೆ. ಮಾರುತ್ತಿದ್ದೆ ಅನ್ನುವುದು ದೊಡ್ಡ ಮಾತು. ಮೊದಮೊದಲು ಮಾರಿದ್ದಕ್ಕಿಂತ ಗಿರಾಕಿಗಳ ಕೈಯಲ್ಲಿ ಮುರಿದದ್ದೇ ಹೆಚ್ಚು.

ನನಗೆ ಕಸುಬು ಕಲಿಸಿದವಳು ಕಂಪ್ಲಿಯ ಒಬ್ಬ ಬಳೆಗಾರ್ತಿ. ರಕ್ತಸಂಬಂಧವಲ್ಲ, ಆದರೂ ಅಕ್ಕ ಅನ್ನುತ್ತಿದ್ದೆ. ಸಂತೆಯ ದಿನ ಬಳೆಸರಗಳ ಮಲಾರ ಬೆನ್ನಿಗೆ ಹೊತ್ತು ಬಂದು ನನ್ನ ಪಕ್ಕದಲ್ಲೇ ಹರಡುತ್ತಿದ್ದಳು. ಎದುರಾಳಿಗೆ ಯಾರಾದರೂ ಗುಟ್ಟು ಹೇಳಿಕೊಡುತ್ತಾರೆಯೇ? ಅವಳು ಹೇಳಿಕೊಟ್ಟಳು, ಅದೂ ಬೈದು ಬೈದು. "ಲೇ, ಅದು ಕೈ ಐತಿ, ಕಬ್ಬಲ್ಲ, ಹಿಂಡಬ್ಯಾಡ. ತವರುಮನಿ ಸುದ್ದಿ ಕೇಳು, ಕೈ ತಾನಾ ಮೆತ್ತಗಾಗ್ತೈತಿ."

ಸಂಡೂರಿನ ಗುಡ್ಡದಲ್ಲಿ ಮಣ್ಣು ಹೊರುವ ಹೆಂಗಸರಿಗೆ ದಪ್ಪ ಬಳೆ ಒಯ್ಯಬೇಕು, ಹಂಪಿಗೆ ಬರುವ ಯಾತ್ರಿಕರಿಗೆ ಹಸಿರು ಬಳೆ ಸಾಕು, ಕುಂಕುಮ ಮಾರುವವಳ ಪಕ್ಕ ಕುಳಿತರೆ ಅವಳ ಗಿರಾಕಿ ನಮ್ಮ ಗಿರಾಕಿ: ಇವೆಲ್ಲ ಅವಳು ಹೇಳಿದ್ದೇ. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದು ಮಾತು. ಬಳೆಗಾರರ ಬಾಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಸರಕು ಮುಗಿದರೂ ತೀರಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹೊಸಪೇಟೆಗೆ ಬೆಲ್ಲ ತರುವ ಕಂಪ್ಲಿಯ ಗಾಡಿಯವನ ಕೈಲಿ ಅವಳು "ಬಳಿ ಹೆಚ್ಚ್ಯಾವ" ಎಂದು ಹೇಳಿ ಕಳಿಸಿದರೆ, ಅಕ್ಕನ ಹತ್ತಿರ ಸರಕಿಲ್ಲ ಎಂದು ತಿಳಿದು ನನ್ನಲ್ಲಿದ್ದುದನ್ನು ಕಳಿಸುತ್ತಿದ್ದೆ. ನನ್ನದು ಹೆಚ್ಚಿದಾಗ ಅವಳು ಕಳಿಸುತ್ತಿದ್ದಳು.

ನಮ್ಮಿಬ್ಬರಿಗೂ ಒಂದೇ ಆಸೆ. ಹೊಸಪೇಟೆ ಬಜಾರಿನಲ್ಲಿ ಒಂದು ಮಳಿಗೆ ಖಾಲಿಯಾಗುವುದರಲ್ಲಿತ್ತು. ಇಬ್ಬರೂ ಸೇರಿ ಅದನ್ನು ಹಿಡಿಯಬೇಕು, ನೆರಳಲ್ಲಿ ಕೂತು ಬಳೆ ಇಡಿಸಬೇಕು. "ಹೊತ್ತು ಹೊತ್ತು ನನ್ನ ಬೆನ್ನಿಗೆ ಸಾಕಾಗೈತಿ" ಅನ್ನುತ್ತಿದ್ದಳು ಅಕ್ಕ. ಅವಳ ಗಂಡನೂ ಒಪ್ಪಿದ್ದ. ನಾನಂತೂ ಯಾವ ಬಣ್ಣ ಯಾವ ಗೋಡೆಗೆ ತೂಗಬೇಕು ಎಂದು ಜಗಳ ಕೂಡ ಶುರು ಮಾಡಿದ್ದೆ.

ಶ್ರಾವಣ ಹತ್ತಿರ ಬಂದಿತ್ತು. ಗಾಡಿಯವನು ನನ್ನ ಮುಂದೆ ನಿಂತು, ನೆಲ ನೋಡುತ್ತ, "ಅಕ್ಕನ ಬಳಿ ಹೆಚ್ಚ್ಯಾವಂತ ಯವ್ವಾ. ನಿಮಗ ಬರಾಕ ಹೇಳ್ಯಾರ" ಅಂದ.

"ಭಾಳ ಚಲೋ ಆತು ಬಿಡು!" ಅಂದೆ ನಾನು. ಹಬ್ಬಕ್ಕೆ ಮುಂಚೆಯೇ ಅಷ್ಟೂ ಖರ್ಚಾದವಲ್ಲ ಎಂದು ಹಿಗ್ಗಿದ್ದೆ. ಅವನು ನನ್ನ ಮುಖವನ್ನೇ ನೋಡಿ, ಗಾಡಿ ಹೊಡೆದುಕೊಂಡು ಹೋಗಿಬಿಟ್ಟ.

ಮರುದಿನ ಬೇರೊಂದು ಗಾಡಿ ಹಿಡಿದು, ಬುಟ್ಟಿ ತುಂಬ ಬಳೆ ಹೊತ್ತು ಕಂಪ್ಲಿಗೆ ಹೋದೆ. ಅಕ್ಕನ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ, "ಅಕ್ಕಾ, ಬಳಿ ತಂದೀನಿ ನೋಡು, ಹೊಸಾ ಬಳಿ!" ಎಂದು ಕೂಗಿದೆ.

ಪಡಸಾಲೆಯ ತುಂಬ ಹೆಂಗಸರು. ನಡುವೆ ಚಾಪೆಯ ಮೇಲೆ ಅಕ್ಕ, ಎರಡೂ ಕೈ ಸೆರಗಿನೊಳಗೆ. ಹಣೆ ಬರಿದಾಗಿತ್ತು. ಅವಳ ಗಂಡ ಹೋಗಿದ್ದ. ಗಾಡಿಯವನಿಗೆ ಆ ಸುದ್ದಿಯನ್ನು ನೇರವಾಗಿ ಹೇಳಲು ಬಾಯಿ ಬಂದಿರಲಿಲ್ಲ. ಹೆಚ್ಚಿದ್ದು ಬುಟ್ಟಿಯ ಬಳೆಯಲ್ಲ, ಅವಳ ಕೈಯ ಬಳೆ.

ಭೂಮಿ ಬಾಯಿಬಿಟ್ಟಿದ್ದರೆ ಬುಟ್ಟಿಯ ಸಮೇತ ಇಳಿದುಬಿಡುತ್ತಿದ್ದೆ. ಅಕ್ಕನೇ ಕರೆದಳು. "ಒಳಗ ಬಾ. ಹಂಗ ತಿಳಕೊಳ್ಳಾಕ ನಾನಾ ಕಲ್ಸೀನಲ್ಲ ನಿನಗ." ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಸಮಾಧಾನ ಮಾಡಬೇಕಾದವಳು ನಾನು, ಮಾಡಿದವಳು ಅವಳು.

ಕೆಲವು ತಿಂಗಳಾದ ಮೇಲೆ ಮಳಿಗೆ ಖಾಲಿಯಾಯಿತು. ಈ ಸಲ ಬರಿಗೈಯಲ್ಲಿ ಕಂಪ್ಲಿಗೆ ಹೋದೆ. "ಬಾ ಅಕ್ಕಾ, ನೀ ಬಳಿ ಇಡಿಸಬ್ಯಾಡ, ಸುಮ್ಮನ ನನ್ನ ಪಕ್ಕ ಕುಂದ್ರು" ಎಂದು ಬೇಡಿಕೊಂಡೆ.

ಅವಳು ಸಂತೆಯಲ್ಲಿ ಬೈಯುತ್ತಿದ್ದ ದನಿಯಲ್ಲೇ ಅಂದಳು: "ಹುಚ್ಚಿ, ಗಿರಾಕಿ ಕಣ್ಣಿಂದ ನೋಡು. ಮದುಮಗಳ್ನ ಕರಕೊಂಡು ಬಂದೋರು ಬಾಗಲದಾಗ ನನ್ನ ಕಂಡ್ರ ಮೆಟ್ಲು ಹತ್ತತಾರೇನು? ಕುಂಕುಮದಾಕಿ ಜೋಡಿ ಸೇರಿ ಮಳಗಿ ಹಿಡಿ. ಇಬ್ರೂ ಉಳೀತೀರಿ."

ಹಾಗೆಯೇ ಮಾಡಿದೆ. ಅಂಗಡಿ ನಡೆಯಿತು, ಚೆನ್ನಾಗಿಯೇ ನಡೆಯಿತು. ಅವಳು ಹೇಳಿದ್ದು ಯಾವತ್ತೂ ಸುಳ್ಳಾದದ್ದಿಲ್ಲ. ಆದರೆ ಅವಳು ಬೇಕಾಗಿದ್ದಳು ನನಗೆ, ಅಂಗಡಿಯಲ್ಲ. ಅವಳು ಹೋಗಿ ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಬಾಳಿನಲ್ಲಿ ಒಂದೇ ಒಂದು ಸಲ ಅವಳು ವ್ಯಾಪಾರ ಕೆಡುವ ಮಾತಾಡಬಹುದಿತ್ತು. "ಹೂಂ, ಬರ್ತೀನಿ ನಡಿ" ಅನ್ನಬಹುದಿತ್ತು.