ಬೇಡಿ ಬಿಚ್ಚಿಸಿದ ಡಾಕ್ಟರಮ್ಮ

ಡಾಕ್ಟರಮ್ಮನ ಅಕ್ಷರ ಎಷ್ಟು ಗುಂಡಗಿತ್ತೆಂದರೆ ಅವರು ಬರೆದ ಚೀಟಿಯನ್ನು ಯಾರು ಬೇಕಾದರೂ ಓದಬಹುದಿತ್ತು. ವೈದ್ಯವೃತ್ತಿಗೇ ಕಳಂಕ ಎಂದು ಗಂಡ ಮೂವತ್ತು ವರ್ಷಗಳಿಂದ ಗೇಲಿ ಮಾಡುತ್ತಿದ್ದರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾಗದೆ ಆಕೆ, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರನ್ನು ಕೂಡಿಹಾಕುವ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಕಿಟಕಿಯಿಲ್ಲದ ಕೋಣೆ, ಕುಂಟುವ ಮಂಚ, ಗೋಡೆಯಲ್ಲೊಂದು ಫೋನು. ಅದರ ಆ ತುದಿಯಲ್ಲಿ ದುಭಾಷಿ.

ಒಂದು ಬೆಳಿಗ್ಗೆ ಕೇಂದ್ರದ ಮೇಲ್ವಿಚಾರಕ, ಅಲ್ಲಿ ಕೂಡಿಹಾಕಿದ್ದ ಒಬ್ಬ ಟೈಲರನನ್ನು ಕೈಗೂ ಕಾಲಿಗೂ ಬೇಡಿ ಹಾಕಿಸಿ ಕರೆತಂದ. 'ಪ್ರಯಾಣಕ್ಕೆ ಯೋಗ್ಯ' ಎಂಬ ಫಾರಂ ಮುಂದಿಟ್ಟ.

"ಒಂದು ಸಹಿ ಹಾಕಿಬಿಡಿ ಮೇಡಂ. ಸಂಜೆ ವಿಮಾನಕ್ಕೆ ಇವನನ್ನ ಅವನ ದೇಶಕ್ಕೆ ವಾಪಸ್ ಕಳಿಸ್ಬೇಕು."

"ಬೇಡಿ ಬಿಚ್ಚಿ. ನೋಡ್ತೀನಿ."

"ಬಿಚ್ಚೋಕೆ ಆರ್ಡರ್ ಇಲ್ಲ."

"ನೋಡದೆ ಸಹಿ ಹಾಕೋಕೆ ನನಗೂ ಆರ್ಡರ್ ಇಲ್ಲ," ಎಂದು ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಕೂತರು. ಆಕೆ ಕೂತರೆಂದರೆ ಕೂತರೇ. ಅದು ಗಂಡನಿಗೆ ಗೊತ್ತಿತ್ತು. ಮೇಲ್ವಿಚಾರಕನಿಗೆ ಗೊತ್ತಾಗಲು ಒಂದು ಗಂಟೆ ಹಿಡಿಯಿತು.

ಬೇಡಿ ಕಳಚಿದಾಗ ಟೈಲರನ ಎಡಗಾಲು ಬಾತು ಕೆಂಪಾಗಿತ್ತು. ರಕ್ತ ಹೆಪ್ಪುಗಟ್ಟಿರುವ ಅನುಮಾನ.

"ನಿಮ್ಮ ಕಾಲಿನ ವಿಷಯ ಇವರಿಗೆ ಹೇಳ್ಲಾ?" ಎಂದು ಮೇಲ್ವಿಚಾರಕನತ್ತ ಕೈ ತೋರಿಸಿ ದುಭಾಷಿಯ ಮೂಲಕ ಕೇಳಿದರು.

ಟೈಲರ ತಬ್ಬಿಬ್ಬಾದ. ಇಲ್ಲಿಗೆ ಬಂದ ನಾಲ್ಕು ತಿಂಗಳಲ್ಲಿ ಯಾರೂ ಅವನ ಒಪ್ಪಿಗೆ ಕೇಳಿರಲಿಲ್ಲ. "ಹೇಳಿ" ಎಂದವನು, ಧೈರ್ಯ ಬಂದು ಇನ್ನೊಂದು ಮಾತು ಸೇರಿಸಿದ. ದುಭಾಷಿ ಅಳುಕುತ್ತಲೇ ತಿಳಿಸಿದರು: "ನಿಮ್ಮ ಕೋಟು ಹೊಲಿದವನು ನಿಮ್ಮನ್ನ ನೋಡೇ ಇಲ್ವಂತೆ. ತೋಳು ಎರಡಿಂಚು ಉದ್ದ ಅಂತೆ."

ಡಾಕ್ಟರಮ್ಮ ನಕ್ಕು ತೋಳು ಮಡಚಿಕೊಂಡು ಫಾರಂ ಮೇಲೆ 'ಯೋಗ್ಯರಲ್ಲ' ಎಂದು ಬರೆದರು. ಓದಲಾಗಲಿಲ್ಲ ಎಂದು ಯಾರೂ ನೆವ ಹೇಳುವಂತಿರಲಿಲ್ಲ.

ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ವಿಮಾನ ಅವನಿಲ್ಲದೆ ಹೋಯಿತು. ಚಿಕಿತ್ಸೆಗೆ ಮೂರು ತಿಂಗಳು. ಅಷ್ಟರಲ್ಲಿ ಅವನ ವಕೀಲೆ ಅರ್ಜಿ ಹಾಕಿ, ತೀರ್ಪು ಬರುವವರೆಗೆ ಅವನು ಚಿಕ್ಕಪ್ಪನ ಮಗನ ಮನೆಯಲ್ಲಿರಲು ಅನುಮತಿ ತಂದಳು. ತೀರ್ಪು ಇನ್ನೂ ಬಂದಿಲ್ಲ.

ಡಾಕ್ಟರಮ್ಮ ಸುಮ್ಮನಾಗಲಿಲ್ಲ. ಇಂಥ ಕಡೆ ವೈದ್ಯರು ಯಾರ ಪರ ನಿಲ್ಲಬೇಕೆಂದು ವೈದ್ಯರ ಸಂಘದ ನೀತಿ ಸಮಿತಿಗೆ ನಲವತ್ತು ಪುಟ ಬರೆದು ಕಳಿಸಿದರು. ಸಮಿತಿ ವರ್ಷವಿಡೀ ಚರ್ಚಿಸಿ ಒಪ್ಪಿದ್ದು ಒಂದೇ ವಾಕ್ಯ: ಪರೀಕ್ಷೆ ಮಾಡುವಾಗ ರೋಗಿಗೆ ಬೇಡಿ ಇರಕೂಡದು.

"ನಲವತ್ತು ಪುಟಕ್ಕೆ ಒಂದು ಸಾಲಾ?" ಎಂದರು ಗಂಡ.

"ಮೂವತ್ತು ವರ್ಷದಲ್ಲಿ ನಿಮ್ಮ ಹತ್ರ ಅಷ್ಟೂ ಒಪ್ಪಿಸೋಕಾಗಿಲ್ಲ. ಇವರೇ ವಾಸಿ," ಎಂದು ಆಕೆ ನಲವತ್ತೊಂದನೇ ಪುಟಕ್ಕೆ ಕೈಹಾಕಿದರು.