ಎಲೆಯ ಪಕ್ಕದ ಗ್ಲಾಸು

ಮುಚ್ಚಿದ ಬಾಗಿಲಿನ ಸಂದಿಯಿಂದ ಚಹಾದ ಪರಿಮಳ ಹೊರಬರುತ್ತಿದೆ. ಶುಂಠಿ ಜಜ್ಜಿ ಹಾಕಿದ, ಸಕ್ಕರೆ ತುಸು ಹೆಚ್ಚಾದ ಚಹಾ. ಜಗಲಿಯಲ್ಲಿ ಕುಳಿತ ನನಗೆ ಇದು ಈ ಬಾಗಿಲಿಗೆ ಹೊಂದುವ ವಾಸನೆಯೇ ಅಲ್ಲ ಎನ್ನಿಸುತ್ತಿದೆ. ಆಟಿ ತಿಂಗಳ ಇಂಥ ಮಧ್ಯಾಹ್ನಗಳಲ್ಲಿ ಇದೇ ಸಂದಿಯಿಂದ ಇಷ್ಟು ವರ್ಷ ಬರುತ್ತಿದ್ದುದು ಬ್ರಾಂದಿಯ ವಾಸನೆ.

ನೀವು ನಮ್ಮ ಕಡೆಯವರಲ್ಲದಿದ್ದರೆ ಸ್ವಲ್ಪ ವಿವರಿಸಬೇಕು. ಆಟಿಯಲ್ಲಿ, ಅಂದರೆ ಆಷಾಢದ ಹೊತ್ತಿನ ಮಳೆಯ ತಿಂಗಳಲ್ಲಿ, ನಾವು ಸತ್ತವರಿಗೆ ಬಡಿಸುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಬಾಳೆ ಎಲೆಯಲ್ಲಿಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಹೋಗುತ್ತೇವೆ. ಕೋಳಿ ಇಷ್ಟವಿದ್ದವರಿಗೆ ಕೋಳಿ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕುಡಿಯುವಂಥದ್ದು. ಇದನ್ನು ನಾನು ನಂಬಿದವನಲ್ಲ. ಬಾಗಿಲು ತೆರೆದೊಡನೆ ಗ್ಲಾಸಿನೆದುರು ಬಗ್ಗಿ, ಬ್ರಾಂದಿಯ ಮಟ್ಟ ಇಳಿದಿದೆಯೇ ಎಂದು ಪರೀಕ್ಷಿಸಿ, "ಒಂದು ಗುಟುಕೂ ಕಡಿಮೆ ಆಗ್ಲಿಲ್ಲ" ಎಂದು ಸಾರುವುದು ನನ್ನ ಪದ್ಧತಿ. "ನಿಮ್ಮ ಮುಖ ಕಂಡು ವಾಪಾಸು ಹೋಗಿರ್ಬೇಕು" ಎನ್ನುವುದು ನನ್ನ ಹೆಂಡತಿ ಸುಂದರಿಯ ಪದ್ಧತಿ. ಗ್ಲಾಸಿನಲ್ಲಿ ಉಳಿದದ್ದು ಬಳಿಕ ಯಾರ ಪಾಲಾಗುತ್ತಿತ್ತೆಂದು ನೀವು ಕೇಳಬಾರದು.

ನನ್ನ ಸಂಶಯಕ್ಕೂ ಒಂದು ಚರಿತ್ರೆ ಇದೆ. ಐದನೆಯ ತರಗತಿಗೆ ಶಾಲೆ ಬಿಟ್ಟು, ನಮ್ಮ ಪುತ್ತೂರು ಕಡೆಯ ಸವಣೂರಿನ ಒಂದು ಜಿನಸಿನ ಅಂಗಡಿಗೆ ಸೇರಿದವನು ನಾನು. ನನ್ನ ಉಳಿದ ವಿದ್ಯಾಭ್ಯಾಸವೆಲ್ಲ ಪೊಟ್ಟಣ ಕಟ್ಟುವ ಹಳೆಯ ಪತ್ರಿಕೆಗಳಲ್ಲಿ ನಡೆಯಿತು. ಹರಿದ ಹಾಳೆಯಲ್ಲಿ ಓದುವವನಿಗೆ ಯಾವ ಸುದ್ದಿಯೂ ಪೂರ್ತಿ ಸಿಗುವುದಿಲ್ಲ. ಮಂತ್ರಿಯೊಬ್ಬರು ಆಶ್ವಾಸನೆ ಕೊಟ್ಟಿರುತ್ತಾರೆ, ಅದು ಏನೆಂಬುದು ಯಾರದೋ ಮನೆಗೆ ಮೆಣಸಿನ ಜೊತೆ ಹೋಗಿರುತ್ತದೆ. ಹೀಗಾಗಿ, ಯಾರು ಏನು ಹೇಳಿದರೂ "ಉಳಿದ ಅರ್ಧ ಎಲ್ಲಿ?" ಎಂದು ಕೇಳುವ ಚಾಳಿ ನನಗೆ ಅಂಟಿತು. ಮದುವೆಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತದೆ.

ಬ್ರಾಂದಿ ಇಡುತ್ತಿದ್ದುದು ಸುಂದರಿಯ ತಮ್ಮ ಜತ್ತಪ್ಪನಿಗೆ. ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಕಟ್ಟಿನ ಕ್ರಮದಲ್ಲಿ ಅವನಿಗೆ ಬಡಿಸಬೇಕಾದವಳು ಅಕ್ಕ. ಅವಳಲ್ಲದೆ ಅವನಿಗೆ ಬೇರೆ ಯಾರೂ ಇರಲೂ ಇಲ್ಲ. ಕೋಡಿಂಬಾಳದಿಂದ ಕಡಬಕ್ಕೆ ಜೀಪು ಓಡಿಸುತ್ತಿದ್ದ ಜತ್ತಪ್ಪ, ಮೊದಲು ಸಂಜೆ ಕುಡಿದ, ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಗಾದೊಡನೆ. ಜೀಪು ಹೋಯಿತು, ಬಾಡಿಗೆಯ ಕೋಣೆ ಹೋಯಿತು. ನಮ್ಮ ಮನೆಗೂ ಬರುವುದನ್ನು ಬಿಟ್ಟು ಸುಳ್ಯದ ಬಸ್ ನಿಲ್ದಾಣದ ಮೂಲೆಯಲ್ಲಿ ಮಲಗತೊಡಗಿದ. ಒಮ್ಮೆ ಹೋಗಿ ಕರೆದೆ, ಬರಲಿಲ್ಲ. ನಾನು ತೊಟ್ಟು ಬಿಟ್ಟಿದ್ದ ನೀಲಿ ಗೆರೆಯ ಅಂಗಿಯೊಂದನ್ನು ಕೊಟ್ಟು ಬಂದೆ.

ಮುಂದಿನ ಮಳೆಗಾಲದಲ್ಲಿ ಕಡಬದ ಕಡೆ ಹೊಳೆಯಲ್ಲಿ ಒಂದು ಹೆಣ ಸಿಕ್ಕಿತು. ಮುಖ ಗುರುತಿಸುವಂತಿರಲಿಲ್ಲ. ಮೈಮೇಲೆ ನೀಲಿ ಗೆರೆಯ ಅಂಗಿಯಿತ್ತು. ನೆಂಟರೆಲ್ಲರೂ ಜತ್ತಪ್ಪನೇ ಎಂದರು.

"ಅಂಗಿ ನನ್ನದು. ಹಾಗಂತ ಸತ್ತದ್ದು ನಾನಲ್ಲವಲ್ಲ" ಎಂದೆ.

"ಹೆಣದ ಎದುರಲ್ಲಾದ್ರೂ ನಿಮ್ಮ ಪ್ರಶ್ನೆ ಒಮ್ಮೆ ನಿಲ್ಲಿಸಿ ಮಾರಾಯ್ರೆ" ಎಂದು ಹಿರಿಯರೊಬ್ಬರು ಗದರಿದರು. ಸುಂದರಿ ಅಳುತ್ತಿದ್ದಳು. ಅವಳ ಅಳುವಿನ ಮುಂದೆ ನನ್ನ ತರ್ಕ ಹೆಚ್ಚು ಹೊತ್ತು ನಿಲ್ಲಲಿಲ್ಲ. ಉತ್ತರಕ್ರಿಯೆ ಮಾಡಿದೆವು. ಅಂದಿನಿಂದ ಪ್ರತಿ ಆಟಿಯಲ್ಲಿ ಎಲೆ, ಕೋಳಿ, ಬೀಡಿ, ಬ್ರಾಂದಿ.

ಈ ಸಲದ ಬೇಸಗೆಯಲ್ಲಿ ಪುತ್ತೂರಿನ ಹೊರವಲಯದ ಒಂದು ಮನೆಯ ಸುದ್ದಿ ನಮ್ಮ ಪೇಟೆಯಲ್ಲಿ ಬಹಳ ಓಡಾಡುತ್ತಿತ್ತು. ದಿಕ್ಕಿಲ್ಲದೆ ಬೀದಿಯಲ್ಲಿ ಬಿದ್ದ ಕುಡುಕರನ್ನು ತಂದು, ಕುಡಿತ ಬಿಡಿಸಿ ಇರಿಸಿಕೊಳ್ಳುವ ಬಾಡಿಗೆ ಮನೆ. ಅಲ್ಲಿ ಕಟ್ಟಿಹಾಕಿ ಹೊಡೆಯುತ್ತಾರೆ ಎಂದರು ಕೆಲವರು. ಕಾಲಿಟ್ಟೊಡನೆ ಮನುಷ್ಯ ದೇವರಾಗುತ್ತಾನೆ ಎಂದರು ಇನ್ನು ಕೆಲವರು. ಎರಡನ್ನೂ ನಂಬದ ನಾನು ಖುದ್ದಾಗಿ ನೋಡಲು ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಸುಂದರಿ ಒಂದು ಚೀಲ ಅಕ್ಕಿ ಕೊಟ್ಟಳು.

ಮನೆ ನೋಡಿಕೊಳ್ಳುವವರು ಜೆಸಿಂತಾ ಬಾಯಿ ಎಂಬ ಹೆಂಗಸು. ಅಕ್ಕಿಯ ಚೀಲ ಇಳಿಸುತ್ತಲೇ ಕೇಳಿದೆ: "ಬಾಯಮ್ಮ, ಇಲ್ಲಿ ಜನರನ್ನು ಕಟ್ಟಿ ಹಾಕ್ತೀರಂತೆ, ಹೌದಾ?"

"ಕಟ್ಟಿ ಹಾಕ್ಲಿಕ್ಕೆ ದನವಾ? ಗೇಟಿಗೆ ಬೀಗವೇ ಇಲ್ಲ, ನೋಡಿ. ಹೋಗುವವ ಹೋಗ್ಬಹುದು. ಸಂಜೆ ಬರುವಾಗ ವಾಸನೆ ಇದ್ರೆ ಮಾತ್ರ ಪುನಃ ಆಸ್ಪತ್ರೆಗೆ."

"ಹಾಗಾದ್ರೆ ಇಲ್ಲಿ ಮದ್ದು ಎಂತ?"

"ಮದ್ದೆಲ್ಲ ಆಸ್ಪತ್ರೆಯಲ್ಲಿ ಮುಗ್ದಿರ್ತದೆ. ಇಲ್ಲಿ ಅಡಿಗೆ ಮಾಡುದು, ಗುಡಿಸುದು, ಹಗಲು ಕೆಲಸಕ್ಕೆ ಹೋಗುದು. ಸಂಜೆ ಒಟ್ಟಿಗೆ ಕೂತು, ಇವತ್ತು ಯಾರಿಗೆ ಎಷ್ಟು ಆಸೆ ಆಯ್ತು ಅಂತ ಹೇಳಿಕೊಳ್ಳುದು. ಅಷ್ಟೇ."

"ಅಷ್ಟರಲ್ಲಿ ಕುಡಿತ ಬಿಡ್ತದಾ?"

ಆಗ ಒಳಗಿನಿಂದ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. "ಬಾಯಮ್ಮ, ಅವರಿಗೆ ಎಷ್ಟು ಹೇಳಿದ್ರೂ ಸಾಕಾಗ್ಲಿಕ್ಕಿಲ್ಲ" ಎಂದಿತು ಒಂದು ಧ್ವನಿ. "ನಮ್ಮ ಭಾವ ಅವರು."

ಅಡಿಗೆಕೋಣೆಯ ಬಾಗಿಲಲ್ಲಿ, ಕೈಯಲ್ಲಿ ಅರ್ಧ ಕಾಯಿ ಹಿಡಿದು ಜತ್ತಪ್ಪ ನಿಂತಿದ್ದ.

ನಾನು ಅಕ್ಕಿಯ ಚೀಲದ ಮೇಲೆ ಕುಳಿತುಬಿಟ್ಟೆ. ಸತ್ತಿರಲಾರನೆಂದು ವಾದಿಸಿದ್ದವನು ನಾನೇ. ಆದರೆ ವಾದಿಸುವುದು ಬೇರೆ, ಕಣ್ಣೆದುರು ಬಂದು ನಿಲ್ಲುವುದು ಬೇರೆ. ಜೀವಮಾನವಿಡೀ ಪ್ರಶ್ನೆ ಕೇಳಿದ ಬಾಯಿಯಿಂದ ಹೊರಟದ್ದು ಇಷ್ಟು:

"ನೀನು ಸತ್ತದ್ದಲ್ವಾ ಮಾರಾಯ?"

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಹೇಳಿದ್ದನ್ನು ನಂಬ್ಲಿಕ್ಕೆ ನೀವು ಯಾವಾಗ ಸುರು ಮಾಡಿದ್ದು, ಭಾವ?"

ಬಾಯಮ್ಮ ನೀರು ತಂದುಕೊಟ್ಟರು. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ, ಅಲ್ಲಿಂದ ಈ ಮನೆಗೆ ಬಂದಿದ್ದ ಜತ್ತಪ್ಪ, ಒಂದು ವರ್ಷ ಪೂರ್ತಿ ಕುಡಿಯದೆ ಇದ್ದು ಆಮೇಲೆಯೇ ಅಕ್ಕನ ಮುಂದೆ ನಿಲ್ಲಬೇಕೆಂದು ಹಟ ಹಿಡಿದಿದ್ದನಂತೆ. ಪ್ರತಿ ಸಲವೂ ವರ್ಷ ತುಂಬುವ ಮೊದಲು ಜಾರಿದ್ದನಂತೆ. ನಾನು ಹೊಳೆ, ಹೆಣ, ಅಂಗಿ, ಉತ್ತರಕ್ರಿಯೆ ಎಲ್ಲವನ್ನೂ ಹೇಳಿದೆ. ತನ್ನ ಉತ್ತರಕ್ರಿಯೆಗೆ ಯಾರೆಲ್ಲ ಬಂದಿದ್ದರೆಂದು ಕೇಳಿ ನಕ್ಕ. ಆಟಿಯಲ್ಲಿ ಎಲೆ ಹಾಕುತ್ತೇವೆ ಎಂದೆ.

"ಅಕ್ಕ ಎಂತೆಲ್ಲ ಬಡಿಸುದು?"

"ಕೋಳಿ, ನೀರುದೋಸೆ, ಬೀಡಿ. ಮತ್ತೆ ಪಕ್ಕದಲ್ಲಿ ಒಂದು ಗ್ಲಾಸು ಬ್ರಾಂದಿ."

ಅವನ ನಗು ಅಲ್ಲಿಗೇ ನಿಂತಿತು. "ಬದುಕಿರುವಾಗ ಕುಡಿಬೇಡ ಕುಡಿಬೇಡ ಅಂತ ಕಾಲು ಹಿಡ್ದವಳು ಅವಳು. ಸತ್ತ ಮೇಲೆ ಅವಳೇ ಹೊಯ್ದು ಕುಡಿಸಿದ್ದಾ?"

ಓದುಗರೇ, ಆ ಪದ್ಧತಿಯ ಬಗ್ಗೆ ನಾನು ಎತ್ತದ ಆಕ್ಷೇಪವಿರಲಿಲ್ಲ. ಇದೊಂದು ಮಾತ್ರ ನನಗೆ ಎಂದೂ ಹೊಳೆದಿರಲಿಲ್ಲ. ಮನುಷ್ಯನನ್ನು ಕೊಂದದ್ದೆಂದು ನಾವೇ ನಂಬಿದ್ದ ವಸ್ತುವನ್ನು, ಅವನ ಪ್ರೀತಿಯ ವಸ್ತುವೆಂದು ಅವನ ಮುಂದಿಡುತ್ತಿದ್ದೆವು. ನಾನು ಬಗ್ಗಿ ಅದರ ಮಟ್ಟ ನೋಡುತ್ತಿದ್ದೆ.

ಜತ್ತಪ್ಪನಿಗೆ ಆಗ ಇನ್ನೊಂದು ನೆನಪಾಯಿತು. ಕೈಯ ಕಾಯಿಯನ್ನು ಮೆಲ್ಲಗೆ ನೆಲಕ್ಕಿಟ್ಟ. "ಆ ಅಂಗಿ ನಾನು ಘಟ್ಟದವನಿಗೆ ಕೊಟ್ಟದ್ದು. ಚಳಿ ಅಂತ ನಡುಗ್ತಿದ್ದ. ಹಾಗಾದ್ರೆ ಹೊಳೆಯಲ್ಲಿ ಹೋದದ್ದು ಅವನಾ?"

ಬಸ್ ನಿಲ್ದಾಣದಲ್ಲಿ ಅವನ ಪಕ್ಕ ಮಲಗುತ್ತಿದ್ದವನೊಬ್ಬ. ಘಟ್ಟದ ಮೇಲಿನಿಂದ ಬಂದವನಾದ್ದರಿಂದ ಎಲ್ಲರಿಗೂ ಘಟ್ಟದವ. ಬೇರೆ ಹೆಸರು ಜತ್ತಪ್ಪನಿಗೂ ತಿಳಿಯದು.

"ಮನೆಗೆ ಬಾ, ಈಗಲೇ ಹೋಗುವ" ಎಂದೆ.

"ಬರ್ಲಿಕ್ಕೆ ಹೆದರಿಕೆ ಭಾವ. ಸತ್ತವ ಎದ್ದು ಬಂದ ಅಂತ ಗೊತ್ತಾದ್ರೆ ಊರಿಡೀ ಕುಡಿಸ್ತಾರೆ. ನಮ್ಮವರಿಗೆ ಖುಷಿ ಆದ್ರೂ ಅದೇ, ದುಃಖ ಆದ್ರೂ ಅದೇ. ನಾನು ಬೇಡ ಹೇಳ್ತೇನೆ ಅಂತ ನನಗೇ ಧೈರ್ಯ ಇಲ್ಲ. ಆಟಿಗೆ ಬರ್ತೇನೆ, ಒಂದು ಹಗಲಿಗೆ. ಯಾರಿಗೂ ಹೇಳ್ಬೇಡಿ. ಬ್ರಾಂದಿ ಮಾತ್ರ ಮನೆಯಲ್ಲಿ ಇರ್ಬಾರ್ದು."

ಮನೆಗೆ ಬಂದು ಹೇಳಿದಾಗ ಸುಂದರಿ ಅಳಲಿಲ್ಲ. ನನ್ನನ್ನೇ ದಿಟ್ಟಿಸಿ, "ನೀವೇ ಕಣ್ಣಾರೆ ನೋಡಿದ್ದಲ್ವಾ? ಯಾರೋ ಹೇಳಿದ್ದಲ್ಲ ಅಲ್ವಾ?" ಎಂದು ಕೇಳಿದಳು. ನೋಡಿದ್ದೇ ಎಂದೆ. ಕಪಾಟಿನಿಂದ ಬಾಟಲಿ ತೆಗೆದುಕೊಂಡು ಹೋಗಿ ಬಚ್ಚಲಿನ ಚರಂಡಿಗೆ ಸುರಿದಳು. ಮರುದಿನ ನಾನು ಪೊಲೀಸ್ ಠಾಣೆಗೆ ಹೋಗಿ, ಅಂದು ಸತ್ತವನು ನಮ್ಮವನಲ್ಲ ಎಂದು ತಿಳಿಸಿದೆ. "ಮತ್ತೆ ಯಾರು?" ಎಂದು ಸಹಜವಾಗಿಯೇ ಕೇಳಿದರು. ಉಳಿದ ಅರ್ಧ ಹಾಳೆಯನ್ನು ಈ ಸಲ ನನ್ನಿಂದಲೇ ಕೇಳುತ್ತಿದ್ದರು. ಘಟ್ಟದವ ಎಂದಷ್ಟೇ ಬರೆಸಿ ಬಂದೆ.

ಇವತ್ತು ಬೆಳಿಗ್ಗೆ ರಿಕ್ಷಾ ಮಾಡಿ, ವೈನ್ ಶಾಪು ಇಲ್ಲದ ಸುತ್ತುದಾರಿಯಲ್ಲಿ ಜತ್ತಪ್ಪನನ್ನು ಕರೆತಂದೆ. ಅಕ್ಕ ಅವನ ಮುಖ, ಭುಜ, ಮೊಣಕೈ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಅವಳಿಗೂ ನನ್ನ ರೋಗ ತಾಗಿರಬೇಕು. ಇನ್ನು ಎಲೆ ಹಾಕುವುದು ಬೇಡವಲ್ಲ ಎಂದು ನಾನೆಂದೆ.

"ಹಾಕ್ಬೇಕು" ಎಂದಳು ಸುಂದರಿ. "ತಮ್ಮನ ಹೆಸರಲ್ಲಿ ನಾವು ಸುಟ್ಟದ್ದು ಆ ಘಟ್ಟದವನನ್ನು. ಅವನಿಗೆ ಬೇರೆ ಯಾರು ಬಡಿಸ್ತಾರೆ?" ತಮ್ಮನ ಕಡೆ ತಿರುಗಿ, "ಅವನಿಗೆ ಎಂತ ಇಷ್ಟ ಇತ್ತು?" ಎಂದಳು.

"ಚಾ" ಎಂದ ಜತ್ತಪ್ಪ. "ಶುಂಠಿ ಹಾಕಿ, ಸಕ್ಕರೆ ಜಾಸ್ತಿ. ಆದ್ರೆ ನಮ್ಮನ್ನು ಹೋಟೆಲಿನ ಒಳಗೆ ಯಾರು ಬಿಡ್ತಾರೆ ಅಕ್ಕ? ವೈನ್ ಶಾಪಿನವ ಒಬ್ಬ ಮಾತ್ರ ನಮ್ಗೆ ಹೋಗು ಹೇಳ್ಲಿಲ್ಲ."

ಬಡಿಸಿದ ಮೇಲೆ ಕರೆಯಬೇಕಿತ್ತು, ಕರೆಯಲು ಹೆಸರಿರಲಿಲ್ಲ. ಸುಂದರಿ ಹಿಂಜರಿದಳು. ಜತ್ತಪ್ಪ ಎಲೆಯ ಮುಂದೆ ನಿಂತು, "ಘಟ್ಟದವ ಮಾರಾಯ, ಒಳಗೆ ಬಾ. ಯಾರೂ ಓಡಿಸುದಿಲ್ಲ. ಕೂತು ಕುಡಿ" ಎಂದ. ಮೂವರೂ ಹೊರಬಂದು ಬಾಗಿಲು ಮುಚ್ಚಿದೆವು.

ಅದೇ ಚಹಾದ ಪರಿಮಳ ಈಗ ನಿಮಗೂ ನನಗೂ ಬರುತ್ತಿರುವುದು. ಸಂಜೆಯೊಳಗೆ ಜತ್ತಪ್ಪ ಪುತ್ತೂರಿಗೆ ಮರಳಬೇಕು, ಬಾಯಮ್ಮ ಕಾಯುತ್ತಾರೆ. ಮುಂದಿನ ಆಟಿಯವರೆಗೆ ಅವನು ಜಾರದೆ ಇರುತ್ತಾನೆಯೇ? ಅವನನ್ನೇ ಕೇಳಿದೆ. "ಇವತ್ತು ಜಾರ್ಲಿಲ್ಲ" ಎಂದ. ನಾನು ಉಳಿದ ಅರ್ಧ ಕೇಳಲಿಲ್ಲ.

ಸುಂದರಿ ಎದ್ದು ಬಾಗಿಲು ತಟ್ಟಿದಳು. ಒಳಗೆ ಹೋದೆವು. ಎಲೆಯ ಪಕ್ಕದಲ್ಲಿ ಗ್ಲಾಸಿತ್ತು. ಅಕ್ಕ, ತಮ್ಮ ಇಬ್ಬರೂ ನನ್ನ ಮುಖ ನೋಡಿದರು. ನಾನು ಬಗ್ಗಲಿಲ್ಲ.